ಬೀಟಾ ಪೈಥಾನ್ ಸದ್ದಿಲ್ಲದೆ ಸತ್ತರೆ ಎಲ್ಲಿಂದ ಹುಡುಕಬೇಕು

ಸ್ಕ್ರಿಪ್ಟ್ ಓಡಿಸಿದೆ. ಎರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಒಂದೇ ಸಾಲು: ‘ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್’. ಟ್ರೇಸ್‌ಬ್ಯಾಕ್ ಇಲ್ಲ. ಯಾವ ಫೈಲು, ಎಷ್ಟನೇ ಸಾಲು, ಅದೂ ಇಲ್ಲ. ಪೈಥಾನ್ ಬರೆಯುವವರಿಗೆ ಇದು ಅಭ್ಯಾಸವೇ ಇಲ್ಲದ ಸಾವು. ನಾವು ಎಷ್ಟೇ ಕೆಟ್ಟ ತಪ್ಪು ಮಾಡಿದರೂ ಅದು ನಾಲ್ಕು ಮಾತು ಬೈದು, ಸಾಲಿನ ನಂಬರ್ ಕೊಟ್ಟೇ ಸಾಯುತ್ತದೆ. ಈ ಸಲ ಬೈಯಲೂ ಇಲ್ಲ.

ಇದು 2024ರ ಮೇ ತಿಂಗಳ ಕಥೆ. ಪೈಥಾನ್ 3.13ರ ಮೊದಲ ಬೀಟಾ, ಅಂದರೆ ಅಸಲಿ ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಅಂತ ಬಿಡುವ ಆವೃತ್ತಿ, ಮೇ 8ಕ್ಕೆ ಬಂದಿತ್ತು. ನಾನು ಅದೇ ವಾರದ ಕೊನೆಗೆ ಹಾಕಿಕೊಂಡೆ. ಕೆಲಸಕ್ಕೆ ಬೇಕಾಗಿತ್ತಾ ಅಂದರೆ ಇಲ್ಲ. ಹೊಸ ಇಂಟರ್ಯಾಕ್ಟಿವ್ ಪ್ರಾಂಪ್ಟ್ ಬಂದಿದೆ, ಬಣ್ಣ ಇದೆ, ಹತ್ತು ಸಾಲಿನ ಫಂಕ್ಷನ್ ಬರೆದು ಮೇಲೆ ಹೋಗಿ ಮಧ್ಯದ ಸಾಲು ತಿದ್ದಬಹುದು ಅಂತ ಓದಿದ್ದೆ. ಅಷ್ಟಕ್ಕೇ ಆಸೆ.

ಸ್ಕ್ರಿಪ್ಟ್ ಹೀಗೆ ಬಿದ್ದ ತಕ್ಷಣ ನಾನು ಮಾಡಿದ ಮೊದಲ ಕೆಲಸ ಬಗ್ ರಿಪೋರ್ಟ್ ಬರೆಯಲು ಕೂತದ್ದು. ತಲೆಬರಹವನ್ನೂ ಹಾಕಿಬಿಟ್ಟಿದ್ದೆ. ಕಳಿಸಲಿಲ್ಲ, ಪುಣ್ಯಕ್ಕೆ ಅಷ್ಟರಲ್ಲಿ ಊಟಕ್ಕೆ ಕರೆದರು. ಕಳಿಸಿದ್ದರೆ ಮರ್ಯಾದೆ ಹೋಗುತ್ತಿತ್ತು, ಯಾಕೆಂದರೆ ತಪ್ಪು ಬೀಟಾದ್ದಾಗಿರಲಿಲ್ಲ. ಅದು ಗೊತ್ತಾಗಲು ಒಂದೂವರೆ ದಿನ ಹಿಡಿಯಿತು. ನಿಮಗೆ ಅರ್ಧ ಗಂಟೆಯಲ್ಲಿ ಸಿಗಲಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಮಾಮೂಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಮೊದಲು ಸಾಮಾನು ಪಟ್ಟಿ

ನನ್ನದು ಕನ್ನಡ ಪಠ್ಯದಲ್ಲಿ ಪದ ಎಣಿಸುವ ಸಣ್ಣ ಸ್ಕ್ರಿಪ್ಟ್. ಪಠ್ಯದಲ್ಲಿ ಮಾದರಿ ಹುಡುಕಲು ಪೈಥಾನ್ ಜೊತೆಗೇ ಬರುವ ‘ಆರ್‌ಇ’ ಮಾಡ್ಯೂಲ್ ಇಲ್ಲಿ ಕೈಕೊಡುತ್ತದೆ. ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ-ಪ್ಲಸ್ ಹಾಕಿ ‘ಕನ್ನಡ’ ಅನ್ನುವ ಪದ ಹುಡುಕಿ ನೋಡಿ. ‘ಕನ’ ಒಂದು, ‘ನಡ’ ಒಂದು, ಹೀಗೆ ಎರಡು ಪದ ಸಿಗುತ್ತವೆ. ಹಲಂತದ ಚಿಹ್ನೆ, ಕಾಗುಣಿತದ ಚಿಹ್ನೆ ಇವನ್ನು ಆ ಮಾಡ್ಯೂಲ್ ಅಕ್ಷರ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಕಾಗೆ’ ಕೊಟ್ಟರೆ ಕಾಗೆ ಹಾರಿಹೋಗಿ ಬರೀ ‘ಕ’, ‘ಗ’ ಉಳಿಯುತ್ತವೆ. ಹಾಗಾಗಿ ನಮ್ಮಂಥವರು ಹೊರಗಿನ ‘ರೆಜೆಕ್ಸ್’ ಅನ್ನುವ ಪ್ಯಾಕೇಜ್ ಬಳಸುತ್ತೇವೆ. ಅದಕ್ಕೆ ಕಾಗುಣಿತ ಗೊತ್ತು.

ಇದನ್ನು ಯಾಕೆ ಹೇಳಿದೆ ಅಂದರೆ ರೆಜೆಕ್ಸ್‌ನ ಹೊಟ್ಟೆಯಲ್ಲಿರುವುದು ಸಿ ಭಾಷೆಯ ಕೋಡ್. ಬರೀ ಪೈಥಾನ್‌ನಲ್ಲಿ ಬರೆದ ಕೋಡ್ ಸಾಮಾನ್ಯವಾಗಿ ಹೀಗೆ ಮಾತಿಲ್ಲದೆ ಸಾಯುವುದಿಲ್ಲ. ಸೆಗ್‌ಫಾಲ್ಟ್ ಅಂದರೆ ಎಲ್ಲೋ ಸಿ ಕೋಡ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ ಅಂತ. ಆ ಸಿ ಕೋಡ್ ಪೈಥಾನ್‌ನದೇ ಇರಬಹುದು, ಅಥವಾ ನೀವು ಹಾಕಿಕೊಂಡ ಎಕ್ಸ್‌ಟೆನ್ಷನ್‌ದು, ಅಂದರೆ ರೆಜೆಕ್ಸ್ ತರದ ಸಿ ಕೋಡಿನ ಹೊರಗಿನ ಮಾಡ್ಯೂಲ್‌ದು, ಇರಬಹುದು. ಮೊದಲೇ ನಿಮ್ಮ ಪ್ರಾಜೆಕ್ಟಿನಲ್ಲಿ ಸಿ ಕೋಡ್ ಇರುವ ಪ್ಯಾಕೇಜ್ ಯಾವುವು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆರೋಪಿಗಳ ಪಟ್ಟಿ ಅದೇ.

ನೀವು ಓಡಿಸುತ್ತಿರುವುದು ಅದೇ ಪೈಥಾನಾ?

ನಗಬೇಡಿ. ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತವೆ. ‘ಪೈಥಾನ್ -ವಿವಿ’ ಅಂತ ಹೊಡೆಯಿರಿ, ದೊಡ್ಡಕ್ಷರದ ವಿ, ಎರಡು ಸಲ. ಬರೀ 3.13 ಅಂತ ಅಲ್ಲ, ಬೀಟಾ ಎಷ್ಟನೆಯದು, ಯಾವತ್ತು ಬಿಲ್ಡ್ ಆಯಿತು, ಯಾವ ಕಂಪೈಲರ್, ಎಲ್ಲ ಬರುತ್ತದೆ. ಆಮೇಲೆ ‘ವಿಚ್ -ಎ ಪೈಥಾನ್3.13’. ಎರಡು ಮೂರು ದಾರಿ ತೋರಿಸಿದರೆ ಮೊದಲನೆಯದೇ ಓಡುತ್ತಿರುವುದು. ಬ್ಯಾಶ್ ಬಳಸುವವರಿಗೆ ಇನ್ನೊಂದು ಕಿರಿಕಿರಿ ಇದೆ: ಒಮ್ಮೆ ಹುಡುಕಿದ ಕಮಾಂಡಿನ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಹೊಸ ಪೈಥಾನ್ ಬೇರೆ ಜಾಗದಲ್ಲಿ ಕೂತಿದ್ದರೂ ಅದೇ ಟರ್ಮಿನಲ್ ಹಳೆಯದನ್ನೇ ಕರೆಯುತ್ತಿರುತ್ತದೆ. ‘ಹ್ಯಾಶ್ -ಆರ್’ ಹೊಡೆದರೆ ಮರೆಯುತ್ತದೆ. ಹೊಸ ಟರ್ಮಿನಲ್ ತೆರೆದರೂ ಆಯಿತು.

ಪಿಪ್ ಅನ್ನು ಒಂಟಿಯಾಗಿ ಕರೆಯಬೇಡಿ. ಯಾವಾಗಲೂ ‘ಪೈಥಾನ್ -ಎಂ ಪಿಪ್’. ಇಲ್ಲದಿದ್ದರೆ ಪೈಥಾನ್ ಒಂದು, ಅದಕ್ಕೆ ಪ್ಯಾಕೇಜ್ ಹಾಕುವ ಪಿಪ್ ಇನ್ನೊಂದರದ್ದು, ಕೊನೆಗೆ ನೀವು ಹಾಕಿದ್ದೊಂದು ಓಡಿದ್ದೊಂದು. ‘ಪೈಥಾನ್‌ಪಾತ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಖಾಲಿ ಇದೆಯಾ ಅಂತಲೂ ನೋಡಿ. ಎಂದೋ ಯಾವುದೋ ಟ್ಯುಟೋರಿಯಲ್ ನೋಡಿ ಬ್ಯಾಶ್‌ಆರ್‌ಸಿಗೆ ಹಾಕಿದ ಸಾಲು ಐದು ವರ್ಷ ಆದಮೇಲೂ ಕಾಟ ಕೊಡುತ್ತದೆ.

ನನ್ನ ಕೇಸಿನಲ್ಲಿ ಇದೆಲ್ಲ ಸರಿಯಾಗಿತ್ತು. ಬಿಡುಗಡೆಗೆ ಮುಂಚಿನ ಪ್ರತಿ ಬಿಲ್ಡನ್ನೂ ಸೋರ್ಸಿನಿಂದ ಕಟ್ಟಿ, ಕಾನ್ಫಿಗರ್ ಮಾಡುವಾಗ ‘ಪ್ರಿಫಿಕ್ಸ್’ ಕೊಟ್ಟು ಅದರದೇ ಫೋಲ್ಡರಿನಲ್ಲಿ ಇಡುವುದು ನನ್ನ ಪದ್ಧತಿ. ಫೆಬ್ರವರಿಯಲ್ಲಿ ಹಾಕಿದ ಆಲ್ಫಾ 4 (ಆಲ್ಫಾ ಅಂದರೆ ಬೀಟಾಗೂ ಮುಂಚಿನ ಹಂತ) ಒಂದು ಫೋಲ್ಡರ್, ಬೀಟಾ 1 ಇನ್ನೊಂದು. ಒಂದರ ಗಾಳಿ ಇನ್ನೊಂದಕ್ಕೆ ಸೋಕುವುದಿಲ್ಲ ಅಂತ ನಂಬಿದ್ದೆ. ಸಿಸ್ಟಮ್‌ನ ಜೊತೆಗೆ ಬಂದ ಪೈಥಾನ್ ಇದೆಯಲ್ಲ, ಅದನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಉಬುಂಟುವಿನ ಎಷ್ಟೋ ಟೂಲುಗಳು ಅದರ ಮೇಲೇ ನಿಂತಿವೆ.

ಮೂಕನ ಬಾಯಿ ಬಿಡಿಸುವುದು

ಎಕ್ಸಿಟ್ ಕೋಡ್ ನೋಡಿದೆ. 139. ಇದು 128 ಕೂಡಿಸು 11, ಹನ್ನೊಂದನೇ ಸಿಗ್ನಲ್ ಅಂದರೆ ಸೆಗ್‌ಫಾಲ್ಟ್. ಈ 139 ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಪೈಥಾನ್‌ನಲ್ಲೇ ಇದಕ್ಕೊಂದು ಮದ್ದಿದೆ, ಫಾಲ್ಟ್‌ಹ್ಯಾಂಡ್ಲರ್ ಅಂತ. ‘ಪೈಥಾನ್ -ಎಕ್ಸ್ ಫಾಲ್ಟ್‌ಹ್ಯಾಂಡ್ಲರ್’ (ದೊಡ್ಡಕ್ಷರದ ಎಕ್ಸ್) ಹಾಕಿ ಸ್ಕ್ರಿಪ್ಟ್ ಓಡಿಸಿದರೆ ಸಾಯುವ ಮುಂಚೆ ಕೊನೆಯದಾಗಿ ಯಾವ ಪೈಥಾನ್ ಸಾಲಿನಲ್ಲಿತ್ತು ಅಂತ ಹೇಳಿ ಸಾಯುತ್ತದೆ. ಅದರ ಬದಲು ‘-ಎಕ್ಸ್ ಡೆವ್’ ಹಾಕಿದರೆ ಇನ್ನೂ ಒಳ್ಳೆಯದು. ಫಾಲ್ಟ್‌ಹ್ಯಾಂಡ್ಲರ್ ಅದರಲ್ಲೇ ಬರುತ್ತದೆ, ಜೊತೆಗೆ ಮಾಮೂಲಿಯಾಗಿ ಮುಚ್ಚಿಡುವ ಡೆಪ್ರಿಕೇಶನ್ ಎಚ್ಚರಿಕೆಗಳೂ ಹೊರಗೆ ಬರುತ್ತವೆ, ಮೆಮೊರಿ ಹಂಚುವ ಜಾಗದಲ್ಲಿ ಕಾವಲೂ ಬೀಳುತ್ತದೆ.

ನನಗೆ ಬಂದದ್ದು ಹೀಗೆ. ಮೊದಲ ಸಾಲು ‘ಫೇಟಲ್ ಪೈಥಾನ್ ಎರರ್’. ಅದರ ಕೆಳಗೆ ನನ್ನ ಸ್ಕ್ರಿಪ್ಟಿನ ಹದಿನಾಲ್ಕನೇ ಸಾಲು, ಪದ ಹುಡುಕುವ ಸಾಲು. ಎಲ್ಲಕ್ಕಿಂತ ಕೆಳಗೆ, ಯಾರೂ ಓದದ ಜಾಗದಲ್ಲಿ, ‘ಎಕ್ಸ್‌ಟೆನ್ಷನ್ ಮಾಡ್ಯೂಲ್ಸ್’ ಅಂತ ಬರೆದು ಒಂದೇ ಒಂದು ಹೆಸರು: ರೆಜೆಕ್ಸ್, ಒಟ್ಟು 1. ಪೈಥಾನ್ 3.10ರಿಂದ ಈಚೆಗೆ ಆ ಸಾಲು ಬರುತ್ತದೆ. ಸತ್ತ ಹೊತ್ತಿನಲ್ಲಿ ಮನೆಯೊಳಗೆ ಯಾವ ಹೊರಗಿನ ಸಿ ಮಾಡ್ಯೂಲ್‌ಗಳಿದ್ದವು ಅಂತ ಪೈಥಾನ್ ತಾನೇ ಪಂಚನಾಮೆ ಬರೆದು ಕೊಟ್ಟ ಹಾಗೆ. ನಿಮ್ಮದರಲ್ಲಿ ಆ ಪಟ್ಟಿ ಖಾಲಿ ಇದ್ದರೆ ಪೈಥಾನ್ ಮೇಲೆ ಅನುಮಾನ ಪಡಲು ನ್ಯಾಯ ಇದೆ. ಖಾಲಿ ಇಲ್ಲದಿದ್ದರೆ ಮೊದಲು ಅವರನ್ನು ವಿಚಾರಿಸಿ.

ಆಮೇಲೆ ಸ್ಕ್ರಿಪ್ಟನ್ನು ಸವೆಸುತ್ತಾ ಹೋದೆ. ಫೈಲ್ ಓದುವ ಭಾಗ ತೆಗೆದೆ, ಬಿತ್ತು. ಎಣಿಸುವ ಭಾಗ ತೆಗೆದೆ, ಬಿತ್ತು. ಕೊನೆಗೆ ಉಳಿದದ್ದು ಮೂರು ಸಾಲು: ಇಂಪೋರ್ಟ್, ಒಂದು ಕನ್ನಡ ವಾಕ್ಯ, ಒಂದು ಹುಡುಕಾಟ. ಅಷ್ಟಕ್ಕೇ ಬೀಳುತ್ತಿತ್ತು. ಮೂರು ಸಾಲಿಗೆ ಇಳಿಸಿದ ಮೇಲೆ ನಿಮ್ಮ ಕೋಡ್ ತಪ್ಪಿಲ್ಲ ಅಂತ ಎದೆ ತಟ್ಟಿ ಹೇಳಬಹುದು.

ನಾನು ದಾರಿ ತಪ್ಪಿದ ಜಾಗ

ಯಾರನ್ನು ಕೇಳಿದರೂ ಮುಂದಿನ ಸಲಹೆ ಒಂದೇ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿನ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರ್) ಮಾಡಿ ನೋಡು ಅಂತ. ಸರಿಯಾದ ಸಲಹೆಯೇ. ಎನ್ವಿರಾನ್‌ಮೆಂಟಿನೊಳಗೆ ಪ್ಯಾಕೇಜುಗಳು ಕೂರುವ ಫೋಲ್ಡರಿನ ಹೆಸರು ಆಲ್ಫಾಗೂ ಬೀಟಾಗೂ ಒಂದೇ, ‘ಪೈಥಾನ್3.13’. ಹಳೆಯ ಎನ್ವಿರಾನ್‌ಮೆಂಟ್ ಇಟ್ಟುಕೊಂಡೇ ಕೆಳಗಿನ ಪೈಥಾನ್ ಬದಲಾಯಿಸಿದರೆ ಆಲ್ಫಾ ಕಾಲದ ಪ್ಯಾಕೇಜುಗಳೆಲ್ಲ ಹಾಗೇ ಉಳಿದುಕೊಳ್ಳುತ್ತವೆ. ಹಾಗಾಗಿ ಬಿಲ್ಡ್ ಬದಲಾದರೆ ಎನ್ವಿರಾನ್‌ಮೆಂಟ್ ಎಸೆದುಬಿಡಿ, ಕರುಣೆ ಬೇಡ.

ನಾನೂ ಎಸೆದೆ. ಹೊಸದು ಮಾಡಿದೆ. ರೆಜೆಕ್ಸ್ ಹಾಕಿದೆ. ಓಡಿಸಿದೆ. ಮತ್ತೆ ಬಿತ್ತು.

ಇಲ್ಲಿಗೆ ನನ್ನ ತೀರ್ಪು ಆಗಿಹೋಯಿತು. ಬೀಟಾ ಹೊಸ ಫೋಲ್ಡರಿನಲ್ಲಿದೆ, ಎನ್ವಿರಾನ್‌ಮೆಂಟ್ ಹೊಸದು, ಪ್ಯಾಕೇಜ್ ಈಗ ತಾನೇ ಹಾಕಿದ್ದು, ಕೋಡ್ ಮೂರೇ ಸಾಲು, ಇನ್ನೇನು ಉಳಿಯಿತು, ಪೈಥಾನ್ ತಪ್ಪೇ ಸರಿ. ಆ ಬಗ್ ರಿಪೋರ್ಟ್ ಡ್ರಾಫ್ಟ್ ಮತ್ತೆ ತೆರೆದೆ.

ತಡೆದದ್ದು ಆಫೀಸಿನ ಒಬ್ಬ ಜೂನಿಯರ್. ಅವಳೂ ಬೀಟಾ ಹಾಕಿಕೊಂಡಿದ್ದಳು. ಆ ಮೂರು ಸಾಲು ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು: ‘ಸರ್, ನಂದ್ರಲ್ಲಿ ಆರಾಮಾಗಿ ಓಡ್ತಿದೆ. ಇನ್‌ಸ್ಟಾಲ್ ಆಗೋಕೆ ಮಾತ್ರ ತುಂಬಾ ಹೊತ್ತು ತಗೊಳ್ತು.’

ಅದೇ ಬೀಟಾ, ಅದೇ ಉಬುಂಟು, ರೆಜೆಕ್ಸ್‌ನ ಅದೇ ವರ್ಷನ್. ಅವಳದ್ದು ಓಡುತ್ತದೆ, ನನ್ನದು ಬೀಳುತ್ತದೆ. ಆ ಎರಡನೇ ವಾಕ್ಯವನ್ನು ನಾನು ಓದಿಯೂ ಬಿಟ್ಟುಬಿಟ್ಟೆ. ರಾತ್ರಿ ಮಲಗುವ ಹೊತ್ತಿಗೆ ತಲೆಗೆ ಹೊಳೆಯಿತು. ಅವಳಿಗೆ ತುಂಬಾ ಹೊತ್ತು ಹಿಡಿಯಿತಲ್ಲ, ನನಗೆ ಯಾಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್‌ಸ್ಟಾಲ್ ಆಯಿತು?

ಕ್ಯಾಶ್ ಅನ್ನುವ ಹಳೇ ಗೋದಾಮು

ಬೀಟಾ ಕಾಲದಲ್ಲಿ ಎಷ್ಟೋ ಪ್ಯಾಕೇಜುಗಳಿಗೆ ಸಿದ್ಧ ವೀಲ್ ಸಿಗುವುದಿಲ್ಲ. ವೀಲ್ ಅಂದರೆ ಮೊದಲೇ ಕಂಪೈಲ್ ಮಾಡಿ ಕಟ್ಟಿಟ್ಟ ಪೊಟ್ಟಣ. ಅದಿಲ್ಲದಿದ್ದರೆ ಪಿಪ್ ಸೋರ್ಸ್ ಇಳಿಸಿಕೊಂಡು ನಿಮ್ಮ ಮಷೀನಿನಲ್ಲೇ ಕಂಪೈಲ್ ಮಾಡುತ್ತದೆ. ಜಿಸಿಸಿ ಇಲ್ಲ ಅಂತಲೋ, ‘ಪೈಥಾನ್ ಡಾಟ್ ಎಚ್’ ಸಿಗಲಿಲ್ಲ ಅಂತಲೋ ಕೆಂಪು ಪರದೆ ಬರುವುದು ಈ ಹಂತದಲ್ಲೇ. ಅದಾದರೆ ಭಯ ಬೇಡ, ಕಂಪೈಲರ್ ಮತ್ತು ಆ ಪೈಥಾನ್‌ನ ಹೆಡರ್ ಫೈಲುಗಳಿದ್ದರೆ ಸಾಮಾನ್ಯವಾಗಿ ಮುಗಿಯಿತು. ಕಷ್ಟ ಕೊಡುವುದು ಕಂಪೈಲ್ ಸರಿಯಾಗಿ ಆದಮೇಲಿನ ಕಥೆ.

ಹಾಗೆ ಮನೆಯಲ್ಲೇ ಕಟ್ಟಿದ ವೀಲನ್ನು ಪಿಪ್ ಎಸೆಯುವುದಿಲ್ಲ. ಹೋಂ ಫೋಲ್ಡರಿನಲ್ಲಿರುವ ತನ್ನ ಕ್ಯಾಶ್‌ಗೆ ಹಾಕಿಡುತ್ತದೆ. ಮುಂದಿನ ಸಲ ಅದೇ ಪ್ಯಾಕೇಜಿನ ಅದೇ ವರ್ಷನ್ ಕೇಳಿದರೆ ಅಲ್ಲಿಂದ ಎತ್ತಿ ಕೊಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಆ ವೀಲ್ ಯಾವ ಪೈಥಾನ್‌ಗೆ ಕಟ್ಟಿದ್ದು ಅಂತ ಅದು ಗುರುತಿಡುವುದು ‘ಸಿಪಿ313’ ಅಂತ ಮಾತ್ರ. ಆಲ್ಫಾ 4ಕ್ಕೂ ಸಿಪಿ313, ಬೀಟಾ 1ಕ್ಕೂ ಸಿಪಿ313, ಕೊನೆಗೆ ಅಕ್ಟೋಬರಿನಲ್ಲಿ ಬಂದ ಅಸಲಿಗೂ ಸಿಪಿ313.

ನಾನು ಫೆಬ್ರವರಿಯಲ್ಲಿ ಆಲ್ಫಾ 4ರ ಮೇಲೆ ರೆಜೆಕ್ಸ್ ಹಾಕಿದ್ದೆ. ವರ್ಷನ್ ಬದಲಾಗಬಾರದು ಅಂತ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಪಿನ್ ಕೂಡ ಮಾಡಿದ್ದೆ, ಅದೂ ಶಿಸ್ತಿನ ಹೆಸರಲ್ಲಿ. ಮೇ ತಿಂಗಳಲ್ಲಿ ಬೀಟಾದ ಮೇಲೆ ಅದೇ ಫೈಲ್ ಕೊಟ್ಟಾಗ ಪಿಪ್ ಗೋದಾಮಿಗೆ ಹೋಗಿ ಫೆಬ್ರವರಿಯ ಪೊಟ್ಟಣ ತಂದು ಕೈಗಿಟ್ಟಿತು. ಎನ್ವಿರಾನ್‌ಮೆಂಟ್ ಹತ್ತು ಸಲ ಹೊಸದು ಮಾಡಿದರೂ ಪೊಟ್ಟಣ ಅದೇ. ನನ್ನ ಜೂನಿಯರ್ ಎಂದೂ ಆಲ್ಫಾ ಹಾಕಿದವಳಲ್ಲ, ಅವಳ ಗೋದಾಮು ಖಾಲಿ, ಅವಳಿಗೆ ಅಲ್ಲೇ ಹೊಸದಾಗಿ ಕಂಪೈಲ್ ಆಯಿತು.

ಸುಳಿವು ನನ್ನ ಪರದೆಯ ಮೇಲೇ ಇತ್ತು. ಇನ್‌ಸ್ಟಾಲ್ ಆಗುವಾಗ ಪಿಪ್ ‘ಯೂಸಿಂಗ್ ಕ್ಯಾಶ್ಡ್’ ಅಂತ ಹೇಳಿ ಫೈಲಿನ ಪೂರ್ತಿ ಹೆಸರು ಬರೆದಿತ್ತು. ಆ ಹೆಸರಿನ ಬಾಲ ನೋಡಿ. ಪೈಪಿಐನಿಂದ (ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರ) ಬಂದ ಲಿನಕ್ಸ್ ವೀಲ್ ಆದರೆ ಬಾಲದಲ್ಲಿ ‘ಮೆನಿಲಿನಕ್ಸ್’ ಅಥವಾ ‘ಮಸಲ್‌ಲಿನಕ್ಸ್’ ಅಂತ ಇರುತ್ತದೆ. ಬರೀ ‘ಲಿನಕ್ಸ್’ ಅಂತ ಇದ್ದರೆ ಅದು ನಿಮ್ಮ ಮಷೀನಿನಲ್ಲೇ ಹುಟ್ಟಿದ ಪೊಟ್ಟಣ, ಯಾಕೆಂದರೆ ಬರೀ ಲಿನಕ್ಸ್ ಅಂತ ಹೆಸರಿಟ್ಟ ವೀಲನ್ನು ಪೈಪಿಐ ಸಾಮಾನ್ಯವಾಗಿ ಒಳಗೇ ಬಿಟ್ಟುಕೊಳ್ಳುವುದಿಲ್ಲ. ‘ಕ್ಯಾಶ್ಡ್’ ಮತ್ತು ‘ಬರೀ ಲಿನಕ್ಸ್’, ಈ ಎರಡೂ ಒಟ್ಟಿಗೆ ಕಂಡರೆ ಕಳ್ಳ ಸಿಕ್ಕ ಅಂತ ತಿಳಿಯಿರಿ.

ಇನ್ನು ಹಳೇ ಪೊಟ್ಟಣ ಹೊಸ ಪೈಥಾನ್‌ನಲ್ಲಿ ಯಾಕೆ ಸಾಯಬೇಕು? ಅಮ್ಮ ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಯಿಸಿದ್ದಾರೆ ಅಂದುಕೊಳ್ಳಿ. ಕರೆಂಟ್ ಹೋದಾಗ ನೀವು ಅಭ್ಯಾಸಬಲದಿಂದ ಎಡಗಡೆಯಿಂದ ಮೂರನೇ ಡಬ್ಬಿಗೆ ಕೈ ಹಾಕುತ್ತೀರಿ. ಸಕ್ಕರೆ ಇದ್ದ ಜಾಗದಲ್ಲಿ ಈಗ ಉಪ್ಪು. ಕಂಪೈಲ್ ಆದ ಸಿ ಕೋಡ್ ಹೀಗೇ, ಹೆಸರು ನೋಡಿ ಹುಡುಕುವುದಿಲ್ಲ. ಈ ಆಬ್ಜೆಕ್ಟಿನ ಆರಂಭದಿಂದ ಇಷ್ಟನೇ ಬೈಟಿನಲ್ಲಿ ಇಂಥದ್ದು ಇರುತ್ತದೆ ಅಂತ ಕಂಪೈಲ್ ಆದ ದಿನವೇ ಲೆಕ್ಕ ಹಾಕಿಟ್ಟುಕೊಂಡಿರುತ್ತದೆ. ಆಲ್ಫಾ, ಬೀಟಾ ಕಾಲದಲ್ಲಿ ಪೈಥಾನ್ ಒಳಗಿನ ಆ ಜೋಡಣೆ ಬದಲಾಗಬಹುದು, ಬದಲಾಯಿಸುವ ಹಕ್ಕು ಅವರಿಗಿದೆ. ಕಂಪೈಲ್ ಆದ ಕೋಡ್ ನಂಬಿಕೊಂಡಿರುವ ಈ ಜೋಡಣೆಗೆ ಎಬಿಐ ಅನ್ನುತ್ತಾರೆ. ಇನ್ನು ಮುಂದೆ ಇದು ಬದಲಾಗುವುದಿಲ್ಲ ಅಂತ ಅವರು ಮಾತು ಕೊಡುವುದು ಮೊದಲ ರಿಲೀಸ್ ಕ್ಯಾಂಡಿಡೇಟ್ (ಬೀಟಾ ಮುಗಿದ ಮೇಲೆ, ಅಸಲಿಗೆ ಮುಂಚೆ ಬರುವ ಹಂತ) ಹೊತ್ತಿಗೆ. 3.13ಕ್ಕೆ ಅದು ಬಂದದ್ದು 2024ರ ಆಗಸ್ಟ್ 1ಕ್ಕೆ. ಅದಕ್ಕೂ ಮುಂಚೆ ಕಟ್ಟಿದ ಪೊಟ್ಟಣಕ್ಕೆ ಯಾರೂ ಗ್ಯಾರಂಟಿ ಕೊಟ್ಟಿರಲಿಲ್ಲ.

ಹಾಗಾದರೆ ಪೈಥಾನ್ ನಮ್ಮ ಕೋಡನ್ನು ಬೈಟ್‌ಕೋಡ್ ಮಾಡಿ ಇಟ್ಟುಕೊಳ್ಳುವ ‘ಪಿವೈಸಿ’ ಫೈಲುಗಳ ಗತಿ ಏನು, ಅವೂ ಹಳೆಯವಲ್ಲವಾ ಅಂತ ಕೇಳಬಹುದು. ನಾನೂ ಸುಮ್ನೆ ಒಂದು ಗಂಟೆ ಅವುಗಳ ಹಿಂದೆ ಹೋಗಿದ್ದೆ. ಅವು ನಿರಪರಾಧಿಗಳು. ಪ್ರತಿ ಪಿವೈಸಿ ಫೈಲಿನ ತಲೆಯಲ್ಲೂ ಒಂದು ಮ್ಯಾಜಿಕ್ ನಂಬರ್ ಇರುತ್ತದೆ, ಬೈಟ್‌ಕೋಡ್ ಬದಲಾದರೆ ಆ ನಂಬರನ್ನೂ ಬದಲಾಯಿಸುತ್ತಾರೆ, ಹೊಂದದಿದ್ದರೆ ಪೈಥಾನ್ ತಾನೇ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತದೆ. ಅಲ್ಲಿ ಆಲ್ಫಾ ಬೀಟಾ ಎಂಬ ವ್ಯತ್ಯಾಸ ಗೊತ್ತಾಗುತ್ತದೆ, ವೀಲ್ ಹೆಸರಿನಲ್ಲಿ ಗೊತ್ತಾಗುವುದಿಲ್ಲ. ಅಷ್ಟೇ ವ್ಯತ್ಯಾಸ.

ರಿಪೇರಿ ಎರಡೇ ಕಮಾಂಡು. ಮೊದಲು ‘ಪೈಥಾನ್ -ಎಂ ಪಿಪ್ ಕ್ಯಾಶ್ ಲಿಸ್ಟ್’. ಮನೆಯಲ್ಲಿ ಕಟ್ಟಿದ ವೀಲುಗಳ ಪಟ್ಟಿ ಬರುತ್ತದೆ. ನನ್ನದರಲ್ಲಿ ರೆಜೆಕ್ಸ್ ಜೊತೆ ಇನ್ನೂ ನಾಲ್ಕು ಹಳೇ ಪೊಟ್ಟಣ ಕೂತಿದ್ದವು. ಆಮೇಲೆ ‘ಪಿಪ್ ಕ್ಯಾಶ್ ರಿಮೂವ್ ರೆಜೆಕ್ಸ್’. ಎಲ್ಲವನ್ನೂ ಒರೆಸಬೇಕಾದರೆ ‘ಪರ್ಜ್’ ಇದೆ, ಆದರೆ ನಿಧಾನ ನೆಟ್ ಇರುವವರು ಯೋಚಿಸಿ, ಇಳಿಸಿಟ್ಟದ್ದೆಲ್ಲ ಹೋಗುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡುವಾಗ ‘ಫೋರ್ಸ್-ರೀಇನ್‌ಸ್ಟಾಲ್’ ಹಾಕಿ, ಇಲ್ಲದಿದ್ದರೆ ಈಗಾಗಲೇ ಇದೆ ಅಂತ ಪಿಪ್ ಕೈತೊಳೆದುಕೊಳ್ಳುತ್ತದೆ. ಈ ಸಲ ನನಗೂ ಹೊತ್ತು ಹಿಡಿಯಿತು, ಫ್ಯಾನ್ ತಿರುಗಿತು, ಮೂರು ಸಾಲಿನ ಸ್ಕ್ರಿಪ್ಟ್ ಓಡಿತು. ‘ಕನ್ನಡ’ ಇಡಿಯಾಗಿ ಬಂತು.

ಬೇರೆಯವರ ಹತ್ತಿರ ಕಂಡ ಇನ್ನೆರಡು

ಒಬ್ಬ ಗೆಳೆಯನಿಗೆ ಒಂದು ಲೈಬ್ರರಿಯ ಬೀಟಾ ಬೇಕಿತ್ತು. ಪಿಪ್ ಸಾಮಾನ್ಯವಾಗಿ ಬೀಟಾಗಳನ್ನು ಮುಟ್ಟುವುದಿಲ್ಲ, ಹಾಗಾಗಿ ‘ಪ್ರಿ’ ಅನ್ನುವ ಫ್ಲ್ಯಾಗ್ ಹಾಕಿದ. ಬೇಕಾದ್ದು ಬಂತು. ಎರಡು ದಿನಕ್ಕೆ ಸಂಬಂಧವೇ ಇಲ್ಲದ ಟೆಸ್ಟುಗಳು ಬೀಳತೊಡಗಿದವು. ಆ ಫ್ಲ್ಯಾಗ್ ಒಂದು ಪ್ಯಾಕೇಜಿಗೆ ಮಾತ್ರ ಅನ್ವಯಿಸುವುದಿಲ್ಲ, ಅದು ಎಳೆದು ತರುವ ನೆಂಟರಿಷ್ಟರೆಲ್ಲರಿಗೂ ಅನ್ವಯಿಸುತ್ತದೆ. ಒಬ್ಬರನ್ನು ಊಟಕ್ಕೆ ಕರೆದರೆ ಇಡೀ ಬೀದಿ ಬಂದ ಹಾಗೆ. ಪತ್ತೆ ಹಚ್ಚುವುದು ಸುಲಭ: ‘ಪಿಪ್ ಫ್ರೀಜ್’ ಕೊಟ್ಟು ವರ್ಷನ್ ನಂಬರಿನಲ್ಲಿ ಎ, ಬಿ, ಆರ್‌ಸಿ ಅಕ್ಷರ ಇರುವ ಸಾಲು ಎಷ್ಟಿವೆ ನೋಡಿ. ಒಂದೇ ಪ್ಯಾಕೇಜಿನ ಬೀಟಾ ಬೇಕಾದರೆ ಫ್ಲ್ಯಾಗ್ ಬಿಟ್ಟು ವರ್ಷನ್ನಿನಲ್ಲೇ ಹೇಳಿ, 2.0ಬಿ1 ಅಥವಾ ಅದಕ್ಕಿಂತ ಹೊಸದು ಬೇಕು ಅಂತ. ಆಗ ಅದೊಂದಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ. ಅವನ ಕೇಸಿನಲ್ಲಿ ಫ್ಲ್ಯಾಗ್ ತೆಗೆದ ಮೇಲೂ ಬೀಟಾಗಳು ಬರುತ್ತಲೇ ಇದ್ದವು. ‘ಪಿಪ್ ಕಾನ್ಫಿಗ್ ಲಿಸ್ಟ್’ ಕೊಟ್ಟಾಗ ಗೊತ್ತಾಯಿತು, ಟೀಮಿನಲ್ಲಿ ಯಾರೋ ‘ಪಿಪ್_ಪ್ರಿ’ ಅನ್ನುವ ವೇರಿಯಬಲ್ಲನ್ನು ಬಿಲ್ಡ್ ಮಷೀನಿನಲ್ಲಿ ಬರೆದಿಟ್ಟು ಮರೆತಿದ್ದರು.

ಇನ್ನೊಂದು ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇಲ್ಲದ ಪೈಥಾನ್. 3.13ರಲ್ಲಿ ಪ್ರಯೋಗಕ್ಕೆ ಅಂತ ಕೊಟ್ಟದ್ದು, ಹೆಸರಿನ ಕೊನೆಗೆ ‘ಟಿ’ ಅಕ್ಷರ ಇರುತ್ತದೆ. ಅದನ್ನು ಹಾಕಿಕೊಂಡು, ನಾಲ್ಕು ಥ್ರೆಡ್ ಓಡಿಸಿ, ಸ್ವಲ್ಪವೂ ವೇಗ ಆಗಲಿಲ್ಲವಲ್ಲ ಅಂತ ಬೇಸರ ಮಾಡಿಕೊಂಡವರು ಜಾಸ್ತಿ. ಪ್ರೋಗ್ರಾಂ ಮಧ್ಯದಲ್ಲಿ ‘ಸಿಸ್ ಡಾಟ್ _ಈಸ್_ಜಿಐಎಲ್_ಎನೇಬಲ್ಡ್’ ಕರೆದು ನೋಡಿ, ಇಂಪೋರ್ಟ್‌ಗಳಿಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ. ಜಿಐಎಲ್ ಇಲ್ಲದೆ ನಡೆಯಬಲ್ಲೆ ಅಂತ ಘೋಷಿಸದ ಒಂದೇ ಒಂದು ಸಿ ಎಕ್ಸ್‌ಟೆನ್ಷನ್ ಒಳಗೆ ಬಂದರೂ ಸಾಕು, ಪೈಥಾನ್ ಮತ್ತೆ ಜಿಐಎಲ್ ಹಾಕಿಕೊಂಡುಬಿಡುತ್ತದೆ. ಎಚ್ಚರಿಕೆಯ ಸಾಲನ್ನೂ ಬರೆಯುತ್ತದೆ. ಲಾಗ್ ಸಾಲುಗಳ ಮಧ್ಯೆ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ನಿಜಕ್ಕೂ ಟೂಲಿನ ತಪ್ಪೇ ಆದಾಗ

ಆಗುತ್ತದೆ. ಹೊಸ ಎನ್ವಿರಾನ್‌ಮೆಂಟ್, ಖಾಲಿ ಕ್ಯಾಶ್, ಮೂರು ಸಾಲು, ಇನ್ನೊಬ್ಬರ ಮಷೀನಿನಲ್ಲೂ ಅದೇ ಫಲ. ಆಗ ರಿಪೋರ್ಟ್ ಮಾಡಲೇಬೇಕು, ಅದೂ ಬೀಟಾ ಕಾಲದಲ್ಲೇ. 2021ರ ಏಪ್ರಿಲ್‌ನಲ್ಲಿ ಪೈಥಾನ್ 3.10ರ ಬೀಟಾಗೆ ಕೆಲವೇ ವಾರ ಬಾಕಿ ಇದ್ದಾಗ, ಟೈಪ್ ಅನೊಟೇಶನ್‌ಗಳ ವರ್ತನೆ ಬದಲಾದರೆ ಪೈಡಾಂಟಿಕ್, ಫಾಸ್ಟ್‌ಎಪಿಐ ತರದ ಲೈಬ್ರರಿಗಳು ಮುರಿಯುತ್ತವೆ ಅಂತ ಗಲಾಟೆ ಎದ್ದು, ಆ ಬದಲಾವಣೆಯನ್ನೇ ಹಿಂದಕ್ಕೆ ತೆಗೆದುಕೊಂಡರು. ನಮ್ಮ 3.13ರಲ್ಲೂ ಹಾಗೇ. ಅಕ್ಟೋಬರ್ 1ಕ್ಕೆ ಬಿಡುಗಡೆ ಆಗಬೇಕಿತ್ತು. ಬೇಡವಾದ ಮೆಮೊರಿ ಗುಡಿಸುವ ಹೊಸ ಇನ್‌ಕ್ರಿಮೆಂಟಲ್ ಗಾರ್ಬೇಜ್ ಕಲೆಕ್ಟರ್ ಕೆಲವು ಕಡೆ ನಿಧಾನ ಮಾಡುತ್ತಿದೆ ಅಂತ ಗೊತ್ತಾಗಿ ಅದನ್ನು ಕಿತ್ತು, ಆ ದಿನ ಇನ್ನೊಂದು ರಿಲೀಸ್ ಕ್ಯಾಂಡಿಡೇಟ್ ಬಿಟ್ಟು, ಅಸಲಿಯನ್ನು ಅಕ್ಟೋಬರ್ 7ಕ್ಕೆ ಕೊಟ್ಟರು. ಬಿಡುಗಡೆ ಆದಮೇಲೆ ಹೇಳಿದ್ದರೆ ಇದು ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಹುಡುಕಲು ‘ಗಿಟ್ ಬೈಸೆಕ್ಟ್’ ಇದೆ. ಸರಿಯಿದ್ದ ಕಮಿಟ್ (ಕೋಡಿನ ದಾಖಲಾದ ಒಂದು ಬದಲಾವಣೆ) ಒಂದು, ಕೆಟ್ಟ ಕಮಿಟ್ ಒಂದು ಕೊಟ್ಟರೆ ಮಧ್ಯಕ್ಕೆ ಮಧ್ಯ ಸೀಳುತ್ತಾ ಹೋಗುತ್ತದೆ. ಸಾವಿರ ಕಮಿಟ್ ಇದ್ದರೂ ಹತ್ತು ಬಿಲ್ಡ್ ಸಾಕು. ‘ಬೈಸೆಕ್ಟ್ ರನ್’ಗೆ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಕೊಟ್ಟು ಮಲಗಿದರೆ ಬೆಳಿಗ್ಗೆ ಉತ್ತರ ಸಿದ್ಧ.

ನಾನು ಹಾಗೇ ಒಂದು ಸಲ ಮಲಗಿದ್ದೆ, ಬೇರೆ ಯಾವುದೋ ಕಂಪೈಲರಿನ ಬಿಡುಗಡೆಗೆ ಮುಂಚಿನ ಬಿಲ್ಡ್ ಅದು. ಬೆಳಿಗ್ಗೆ ನೋಡಿದರೆ ಮೊದಲ ಹೆಜ್ಜೆಯಲ್ಲೇ ನಿಂತುಹೋಗಿತ್ತು. ಆ 139 ನೆನಪಿದೆಯಾ? ಸ್ಕ್ರಿಪ್ಟ್ ಸೊನ್ನೆ ಕೊಟ್ಟರೆ ಬೈಸೆಕ್ಟ್ ಅದನ್ನು ಒಳ್ಳೆಯ ಕಮಿಟ್ ಅನ್ನುತ್ತದೆ. 1ರಿಂದ 127ರವರೆಗೆ ಕೆಟ್ಟದ್ದು. ಅದರಲ್ಲಿ 125 ಮಾತ್ರ ‘ಇದನ್ನು ಬಿಡು, ಮುಂದಿನದಕ್ಕೆ ಹೋಗು’ ಅಂತ. 127 ದಾಟಿದರೆ ಏನೋ ಎಡವಟ್ಟಾಗಿದೆ ಅಂತ ಇಡೀ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಸೆಗ್‌ಫಾಲ್ಟ್ ಹುಡುಕಲು ಕೂತರೆ ಸೆಗ್‌ಫಾಲ್ಟ್ ಸಿಕ್ಕ ತಕ್ಷಣ ನಿಲ್ಲುತ್ತದೆ ಅಂದರೆ ಹೇಗಿದೆ ನೋಡಿ. ಟೆಸ್ಟ್ ಓಡಿಸುವ ಸಾಲಿನ ಕೊನೆಗೆ ‘ಇಲ್ಲದಿದ್ದರೆ ಎಕ್ಸಿಟ್ 1’ ಅಂತ ಸೇರಿಸಿ (ಶೆಲ್‌ನಲ್ಲಿ ‘ಇಲ್ಲದಿದ್ದರೆ’ ಅನ್ನಲು ಎರಡು ಪೈಪ್ ಗುರುತು). ಹಾಗೆಯೇ ಬಿಲ್ಡ್ ಮಾಡುವ ಸಾಲಿನ ಕೊನೆಗೆ ‘ಇಲ್ಲದಿದ್ದರೆ ಎಕ್ಸಿಟ್ 125’. ಅದನ್ನು ಮರೆತರೆ ಸಂಬಂಧವಿಲ್ಲದ ಕಾರಣಕ್ಕೆ ಕಂಪೈಲ್ ಆಗದ ಯಾವುದೋ ಬಡಪಾಯಿ ಕಮಿಟ್ ಮೇಲೆ ಆರೋಪ ಬೀಳುತ್ತದೆ. ಇನ್ನೂ ಒಂದು, ಸರಿಯಿದೆ ಅಂತ ಗೊತ್ತಿರುವ ಕಮಿಟ್ ಮೇಲೆ ಸ್ಕ್ರಿಪ್ಟನ್ನು ಕೈಯಾರೆ ಒಮ್ಮೆ ಓಡಿಸಿ ಸೊನ್ನೆ ಬರುತ್ತದಾ ನೋಡಿಕೊಂಡೇ ಮಲಗಿ.

ರಿಪೋರ್ಟಿನಲ್ಲಿ ಮೂರು ಸಾಲಿನ ಕೋಡ್, -ವಿವಿ ಕೊಟ್ಟ ಪೂರ್ತಿ ಉತ್ತರ, ಫಾಲ್ಟ್‌ಹ್ಯಾಂಡ್ಲರ್ ಬರೆದದ್ದರ ಕೊನೆಯ ಸಾಲಿನವರೆಗೆ, ಮತ್ತು ಹೊರಗಿನ ಎಕ್ಸ್‌ಟೆನ್ಷನ್ ಇದ್ದರೆ ಅದನ್ನು ಇದೇ ಬಿಲ್ಡಿನ ಮೇಲೆ ಹೊಸದಾಗಿ ಕಂಪೈಲ್ ಮಾಡಿದ್ದೇನೆ ಅನ್ನುವ ಒಂದು ವಾಕ್ಯ. ನನ್ನ ಆವತ್ತಿನ ಡ್ರಾಫ್ಟಿನಲ್ಲಿ ಕೊನೆಯದು ಇರಲಿಲ್ಲ.

ಈಗ ನನ್ನ ಪ್ರತಿ ಆಲ್ಫಾ ಬೀಟಾ ಫೋಲ್ಡರಿನಲ್ಲೂ ಒಂದು ಸಣ್ಣ ಫೈಲ್ ಇದೆ. ಕೆಲಸ ಶುರು ಮಾಡುವಾಗ ಅದನ್ನು ಸೋರ್ಸ್ ಮಾಡುತ್ತೇನೆ. ಅದು ಮಾಡುವುದು ಎರಡೇ: ‘ಪಿಪ್_ಕ್ಯಾಶ್_ಡಿರ್’ ಅನ್ನುವ ವೇರಿಯಬಲ್ಲನ್ನು ಅದೇ ಫೋಲ್ಡರಿನೊಳಗೆ ತಿರುಗಿಸುತ್ತದೆ, ಮತ್ತು ಪ್ರಾಂಪ್ಟಿನ ಮುಂದೆ ಬಿಲ್ಡಿನ ಹೆಸರನ್ನು ಕೇಸರಿ ಬಣ್ಣದಲ್ಲಿ ಬರೆಯುತ್ತದೆ. ಹೊಸ ಬೀಟಾ ಬಂದರೆ ಹಳೇ ಫೋಲ್ಡರ್ ಅಳಿಸುತ್ತೇನೆ, ಅದರ ಗೋದಾಮೂ ಜೊತೆಗೇ ಹೋಗುತ್ತದೆ. ರೆಜೆಕ್ಸ್ ಪ್ರತಿ ಸಲ ಹೊಸದಾಗಿ ಕಂಪೈಲ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ನಾನು ಎದ್ದು ಕಾಫಿ ಮಾಡಿಕೊಳ್ಳುತ್ತೇನೆ.